ಹದಿನಾರು ಮೊಳದ ಕಿಲ್ಟು, ಏಳು ವರುಷದ ಶಾಲು

ದೇವಸುಗೂರಿನಲ್ಲಿ ಸೂಗೂರೇಶ್ವರನ ದರ್ಶನ ಮುಗಿಸಿ ಕೃಷ್ಣೆಯ ದಂಡೆಗೆ ಇಳಿದರೆ, ಮಿಂದು ಬಂದ ಹೆಂಗಸರು ಒದ್ದೆ ಸೀರೆಗಳನ್ನು ಒಣಹಾಕುವ ನೋಟ ಕಣ್ಣಿಗೆ ಬೀಳುತ್ತದೆ. ಒಬ್ಬಳು ಸೆರಗಿನ ತುದಿಯನ್ನೂ ಇನ್ನೊಬ್ಬಳು ಒಳತುದಿಯನ್ನೂ ಹಿಡಿದು ದೂರ ದೂರ ನಿಂತು ಬಿಸಿಲಿಗೆ ಒಡ್ಡಿದಾಗಲೇ ಸೀರೆಯ ನಿಜವಾದ ಉದ್ದ ನಮಗೆ ತಿಳಿಯುವುದು. ಉಟ್ಟಾಗ ಮೈಯಳತೆಗೆ ಸರಿಯಾಗಿ ಕಾಣುವ ಆ ಬಟ್ಟೆ ಬಿಚ್ಚಿದಾಗ ಹದಿನಾರು ಮೊಳ, ಹದಿನೆಂಟು ಮೊಳ ಇರುತ್ತದೆ. ಒಮ್ಮೆ ಜಾತ್ರೆಗೆಂದು ನನ್ನೊಡನೆ ಬಂದಿದ್ದ ವಿದ್ಯಾರ್ಥಿಯೊಬ್ಬನು ಇದನ್ನೇ ನೋಡುತ್ತ ನಿಂತಿದ್ದವನು ವಿಚಿತ್ರವಾದೊಂದು ಪ್ರಶ್ನೆಯನ್ನು ಕೇಳಿದನು. ಸ್ಕಾಟ್ಲೆಂಡಿನ ಸಿಪಾಯಿಗಳು ಉಡುವ, ಮೊಳಕಾಲಿಗೇ ನಿಂತುಬಿಡುವ ಆ ಲಂಗದಂಥ ಉಡುಪಿಗೆ ಎಷ್ಟು ಬಟ್ಟೆ ಹಿಡಿದೀತು ಎಂಬುದು ಅವನ ಕುತೂಹಲ. ಚಿತ್ರವನ್ನು ಮಾತ್ರ ಕಂಡಿದ್ದ ನಾನು, ಎರಡು ಗಜ ಸಾಕಲ್ಲವೇ ಎಂದುಬಿಟ್ಟೆ. ಮನೆಗೆ ಹಿಂದಿರುಗಿ ಪುಸ್ತಕಗಳನ್ನು ತೆರೆದು ನೋಡಿದಾಗ ನನ್ನ ಅಜ್ಞಾನಕ್ಕೆ ನಾನೇ ನಾಚಬೇಕಾಯಿತು.

ಸಂಪ್ರದಾಯದಂತೆ ಹೊಲಿದ ಕಿಲ್ಟಿಗೆ ಎಂಟು ಗಜ ಉಣ್ಣೆಯ ಬಟ್ಟೆ ಬೇಕು. ಗಜಕ್ಕೆ ಎರಡು ಮೊಳದ ನಮ್ಮ ಲೆಕ್ಕದಲ್ಲಿ ಅದು ಸರಿಯಾಗಿ ಹದಿನಾರು ಮೊಳ. ಅಗಲವಾದ ಮಗ್ಗದಲ್ಲಿ ನೇಯ್ದ ಬಟ್ಟೆಯಾದರೆ ನಾಲ್ಕು ಗಜವನ್ನೇ ಕೊಂಡು ಉದ್ದಕ್ಕೆ ಸೀಳಿ ಜೋಡಿಸುತ್ತಾರೆ. ಆಗಲೂ ಒಟ್ಟು ಉದ್ದ ಎಂಟು ಗಜವೇ. ಎರಡು ಮೊಳ ಸುತ್ತಳತೆಯ ಸೊಂಟದಲ್ಲಿ ಹದಿನಾರು ಮೊಳ ಎಲ್ಲಿ ಅಡಗುತ್ತದೆ ಎಂದರೆ, ನಿರಿಗೆಯಲ್ಲಿ. ಮುಂಭಾಗದಲ್ಲಿ ಎರಡು ಪದರಗಳು ಒಂದರ ಮೇಲೊಂದು ಸಪಾಟಾಗಿ ಬೀಳುತ್ತವೆ. ಹಿಂಭಾಗದಲ್ಲಿ ಇಪ್ಪತ್ತರಿಂದ ಮೂವತ್ತರವರೆಗೆ ನಿರಿಗೆಗಳಿರುತ್ತವೆ. ಬಟ್ಟೆಯು ಬಣ್ಣಬಣ್ಣದ ಚೌಕಳಿಯದು. ಒಂದೊಂದು ನಿರಿಗೆಯೂ ಆ ಚೌಕಳಿಯ ಒಂದು ಪೂರ್ಣ ಆವೃತ್ತಿಯನ್ನು, ಎಂದರೆ ಐದಾರು ಅಂಗುಲ ಬಟ್ಟೆಯನ್ನು, ನುಂಗಿ ಸುಮಾರು ಒಂದು ಅಂಗುಲವನ್ನಷ್ಟೇ ಹೊರಗೆ ತೋರಿಸುತ್ತದೆ. ಹೀಗೆ ಮಡಿಸಿಯೂ ಹಿಂದಿನಿಂದ ನೋಡುವವರಿಗೆ ಚೌಕಳಿ ಎಲ್ಲಿಯೂ ತುಂಡಾದಂತೆ ಕಾಣಬಾರದು. ಆ ಉಡುಪನ್ನು ಹೊಲಿಯುವವನ ಜಾಣ್ಮೆಯೆಲ್ಲ ಅಲ್ಲಿದೆ. ನಮ್ಮ ತಾಯಂದಿರು ದಿನವೂ ಬೆರಳುಗಳಿಂದ ಹಿಡಿದು ಸಂಜೆ ಬಿಚ್ಚಿಬಿಡುವ ನಿರಿಗೆಯನ್ನು ಅಲ್ಲಿಯ ದರ್ಜಿಯು ಸೂಜಿಯಿಂದ ಶಾಶ್ವತಗೊಳಿಸುತ್ತಾನೆ.

ಆದರೆ ಈ ಹೊಲಿಗೆ ಈಚಿನದು. ಮೊದಲು ಸ್ಕಾಟ್ಲೆಂಡಿನ ಉತ್ತರದ ಬೆಟ್ಟನಾಡಿನವರು ಉಡುತ್ತಿದ್ದುದು ಹೊಲಿಯದ ಒಂದೇ ಬಟ್ಟೆಯನ್ನು. ಇಕ್ಕಟ್ಟಾದ ಮಗ್ಗದಲ್ಲಿ ನೇಯ್ದ ಎರಡು ಪಟ್ಟಿಗಳನ್ನು ಅಗಲಕ್ಕೆ ಜೋಡಿಸಿ, ನಾಲ್ಕೈದು ಗಜ ಉದ್ದದ ಹೊದಿಕೆಯನ್ನಾಗಿ ಮಾಡಿ, ಅದನ್ನು ನಿರಿಗೆ ಹಿಡಿದು ಸೊಂಟಕ್ಕೆ ಪಟ್ಟಿ ಬಿಗಿದು, ಮಿಕ್ಕುದನ್ನು ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದರು. ಹಗಲು ಅದೇ ಉಡುಗೆ, ಮಳೆಗೆ ಅದೇ ಕೊಪ್ಪೆ, ರಾತ್ರಿಗೆ ಅದೇ ಹಾಸಿಗೆ ಹೊದಿಕೆ. ನಮ್ಮ ಕುರುಬರ ಕಂಬಳಿಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1746ರಲ್ಲಿ, ದಂಗೆಯೊಂದನ್ನು ಅಡಗಿಸಿದ ಮೇಲೆ, ಇಂಗ್ಲಿಷ್ ಸರಕಾರವು ಬೆಟ್ಟನಾಡಿನ ಗಂಡಸರು ಈ ಉಡುಪನ್ನು ಉಡಕೂಡದೆಂದು ಕಾನೂನು ಮಾಡಿತು. ಸರಕಾರದ ಸೈನ್ಯಕ್ಕೆ ಸೇರಿದವರಿಗೆ ಮಾತ್ರ ಅದರಿಂದ ವಿನಾಯಿತಿ. ಆ ನಿಷೇಧವು ರದ್ದಾದುದು 1782ರಲ್ಲಿ. ಒಂದು ಜನದ ಬಟ್ಟೆಯ ಮೇಲೆ ಕೈಯಿಡುವುದೆಂದರೆ ಆ ಜನದ ಬಾಳಿನ ಮೇಲೆ ಕೈಯಿಡುವುದೆಂಬುದನ್ನು ಆಳುವವರು ಎಲ್ಲ ದೇಶಗಳಲ್ಲಿಯೂ ಬಲ್ಲರು.

ಇದನ್ನೆಲ್ಲ ಓದುತ್ತಿರುವಾಗ, ಈ ನಿಷೇಧದ ಕಾಲದಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ನಮ್ಮ ರಾಯಚೂರಿನ ತೆಂಕಣ ಗಡಿಯಾದ ತುಂಗಭದ್ರೆಯ ಆಚೆಗೆ ಏಳು ವರುಷ ಅಧಿಕಾರ ನಡೆಸಿದ ಒಬ್ಬ ಮನುಷ್ಯನ ನೆನಪು ನನ್ನನ್ನು ಹಿಡಿದು ನಿಲ್ಲಿಸಿತು. ಅವನೇ ಥಾಮಸ್ ಮನ್ರೋ. ಮಂತ್ರಾಲಯಕ್ಕೆ ಹೋಗಿಬಂದ ಯಾವ ಮನೆಯಲ್ಲಿಯೂ ಅವನ ಹೆಸರು ಅಪರಿಚಿತವಲ್ಲ. ಆದರೆ ಅವನ ಬಾಳಿನ ಉದ್ದಕ್ಕೂ ಬಟ್ಟೆಯ ಎಳೆಯೊಂದು ಹರಿದಿದೆಯೆಂಬುದನ್ನು ನಾವು ಅಷ್ಟಾಗಿ ಗಮನಿಸಿಲ್ಲ.

ಮನ್ರೋ ಹುಟ್ಟಿದುದು 1761ರ ಮೇ 27ರಂದು, ಗ್ಲಾಸ್ಗೋ ನಗರದಲ್ಲಿ. ತಂದೆ ವ್ಯಾಪಾರಿ, ಅಮೆರಿಕೆಯ ವರ್ಜೀನಿಯದೊಡನೆ ಅವನ ವ್ಯವಹಾರ. ಗ್ಲಾಸ್ಗೋ ಸ್ಕಾಟ್ಲೆಂಡಿನ ತಗ್ಗುನಾಡಿನ ಊರಾದುದರಿಂದ ಕಿಲ್ಟು ಈ ಹುಡುಗನ ಮನೆಯ ಉಡುಗೆಯಾಗಿರಲಿಲ್ಲ. ಓದಿನಲ್ಲಿ ಆಸಕ್ತಿ ಬಹಳ. ಡಾನ್ ಕ್ವಿಕ್ಸೋಟನ ಕಥೆಯನ್ನು ಮೂಲದಲ್ಲಿಯೇ ಓದಬೇಕೆಂದು ಸ್ಪ್ಯಾನಿಷ್ ಭಾಷೆಯನ್ನು ತಾನಾಗಿಯೇ ಕಲಿತನಂತೆ. ಬಾಲ್ಯದಲ್ಲಿಯೇ ಕಿವಿ ಸ್ವಲ್ಪ ಮಂದವಾಯಿತು. ಆ ಕೊರತೆ ಕೊನೆಯವರೆಗೂ ಉಳಿಯಿತು. ಅಮೆರಿಕೆಯ ಸ್ವಾತಂತ್ರ್ಯಯುದ್ಧವು ತಂದೆಯ ವ್ಯಾಪಾರವನ್ನು ನೆಲಕಚ್ಚಿಸಿದಾಗ, ಮಗನು ಈಸ್ಟ್ ಇಂಡಿಯಾ ಕಂಪನಿಯ ಕಾಲಾಳು ಸೈನ್ಯದಲ್ಲಿ ಕೆಡೆಟ್ಟಾಗಿ 1780ರ ಜನವರಿಯಲ್ಲಿ ಮದರಾಸಿನಲ್ಲಿ ಇಳಿದನು. ಆಗ ಅವನಿಗೆ ಹದಿನೆಂಟು ವರುಷ.

ಬಟ್ಟೆಯ ಮೊದಲ ಪಾಠ ಅವನಿಗೆ ಆ ದಿನಗಳಲ್ಲಿಯೇ ಆಯಿತು. ಕೆಲಸಕ್ಕೆಂದು ಬಂದು ಸೇರಿದ ವಯಸ್ಸಾದ ಆಳೊಬ್ಬನು, ವಿಲಾಯತಿಯ ಈ ಉಡುಪುಗಳು ಇಲ್ಲಿಯ ಹವೆಗೆ ಹೊಂದುವುದಿಲ್ಲವೆಂದು ಬುದ್ಧಿ ಹೇಳಿ, ಹೊಸದನ್ನು ಕೊಂಡು ತರುವೆನೆಂದು ಹಣವನ್ನೂ ಬಟ್ಟೆಗಳನ್ನೂ ಕೊಂಡು ಹೋದವನು ಮತ್ತೆ ಮುಖ ತೋರಿಸಲಿಲ್ಲ. ಎರಡನೆಯ ಪಾಠ ಇನ್ನೂ ದೊಡ್ಡದು. ಹೈದರಾಲಿಯೊಡನೆ ನಡೆದ ಯುದ್ಧದಲ್ಲಿ ಊರೂರು ಅಲೆದ ಆ ಮೂರು ವರುಷ ಅವನಿಗೆ ತಲೆದಿಂಬೆಂದರೆ ಒಂದು ಪುಸ್ತಕ, ಇಲ್ಲವೆ ತೋಟೆಯ ಚೀಲ. ಹಾಸಿಗೆಯೆಂದರೆ ನಾಲ್ಕು ಕೋಲುಗಳಿಗೆ ಬಿಗಿದ ಕಿತ್ತಾನು. ಚಳಿಗಾಲದಲ್ಲಿ ಊರಿನಿಂದ ತಂದಿದ್ದ ದೊಡ್ಡ ಕೋಟಿನ ತೋಳುಗಳೊಳಗೆ ಕಾಲುಗಳನ್ನು ತೂರಿಸಿ, ಅದರ ಅಂಚನ್ನು ತಲೆಯವರೆಗೆ ಎಳೆದುಕೊಂಡು ಮಲಗುತ್ತಿದ್ದನೆಂದು ಅವನೇ ತಂಗಿಗೆ ಬರೆದ ಕಾಗದದಲ್ಲಿ ತಿಳಿಸಿದ್ದಾನೆ. ತಗ್ಗುನಾಡಿನ ಆ ವ್ಯಾಪಾರಿಯ ಮಗನು ಬೆಟ್ಟನಾಡಿನವರ ಹಳೆಯ ವಿದ್ಯೆಯನ್ನು, ಹಗಲಿನ ಉಡುಗೆಯನ್ನೇ ಇರುಳಿನ ಹೊದಿಕೆಯನ್ನಾಗಿ ಮಾಡುವ ವಿದ್ಯೆಯನ್ನು, ದಕ್ಷಿಣದ ನೆಲದ ಮೇಲೆ ತಾನಾಗಿಯೇ ಕಂಡುಕೊಂಡನು. ಇಲ್ಲಿಯ ಬಡ ರೈತನೊಬ್ಬನು ಎಷ್ಟು ಬಟ್ಟೆಯಲ್ಲಿ ಬಾಳನ್ನು ಸಾಗಿಸುತ್ತಾನೆಂಬ ಅರಿವು ಅವನಿಗೆ ಮೈಯಿಂದಲೇ ಬಂದದ್ದು.

1792ರಲ್ಲಿ ಟಿಪ್ಪುವಿನಿಂದ ಬಾರಾಮಹಲು ಸೀಮೆ, ಎಂದರೆ ಈಗಿನ ಸೇಲಂ, ಕೃಷ್ಣಗಿರಿಗಳ ಕಡೆಯ ನಾಡು, ಕಂಪನಿಗೆ ಬಂದಿತು. ಕ್ಯಾಪ್ಟನ್ ರೀಡನ ಕೈಕೆಳಗೆ ಮನ್ರೋ ಅಲ್ಲಿ ಏಳು ವರುಷ ಕಂದಾಯದ ಕೆಲಸ ಮಾಡಿದನು. ಮಧ್ಯವರ್ತಿಗಳನ್ನು ಬಿಟ್ಟು ಒಬ್ಬೊಬ್ಬ ರೈತನೊಡನೆಯೂ ನೇರವಾಗಿ ಜಮೆಯನ್ನು ಗೊತ್ತುಮಾಡುವ ರೈತವಾರಿ ಪದ್ಧತಿ ರೂಪುಗೊಂಡುದು ಅಲ್ಲಿ. ನೇಕಾರರ ಬಾಳನ್ನು ಅವನು ಹತ್ತಿರದಿಂದ ಕಂಡುದೂ ಅಲ್ಲಿಯೇ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿನ ವ್ಯವಸ್ಥೆಗೆಂದು ನೇಮಿಸಿದ ಆಯೋಗಕ್ಕೆ ಅವನು ಕಾರ್ಯದರ್ಶಿಯಾದನು. ಅನಂತರ ಕನ್ನಡ ಜಿಲ್ಲೆಯ ಕಲೆಕ್ಟರನಾಗಿ ಕರಾವಳಿಗೆ ಹೋದನು. ಅಲ್ಲಿಯ ಬಿಡದ ಮಳೆ ಅವನಿಗೆ ಒಗ್ಗಲಿಲ್ಲ. 1800ರಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿ, ಅನಂತಪುರ, ಕಡಪೆ ಮೊದಲಾದ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಟ್ಟನು. ಆ ದತ್ತಮಂಡಲಗಳಿಗೆ ಮನ್ರೋ ಮುಖ್ಯ ಕಲೆಕ್ಟರನಾಗಿ ಬಂದನು. ಕೃಷ್ಣೆ ತುಂಗಭದ್ರೆಗಳ ನಡುವಣ ನಮ್ಮ ದೋಅಬ್ ನಿಜಾಮನಲ್ಲಿಯೇ ಉಳಿದುದರಿಂದ ದೇವಸುಗೂರಿಗೆ ಅವನ ಆಳಿಕೆ ಮುಟ್ಟಲಿಲ್ಲ. ಅವನ ಕಥೆ ಮಾತ್ರ ಹೊಳೆ ದಾಟಿ ಬಂದಿತು.

ಆ ನಾಡನ್ನು ಆಗ ಎಂಬತ್ತು ಮಂದಿ ಪಾಳೆಯಗಾರರು ಹಂಚಿಕೊಂಡಿದ್ದರು. ಅವರನ್ನು ಅಡಗಿಸುವುದರಲ್ಲಿ ಮನ್ರೋ ಮೃದುವಾಗಿರಲಿಲ್ಲ. ಆದರೆ ಬಂಗಲೆಯಲ್ಲಿ ಕುಳಿತು ಆಳಿದವನಲ್ಲ; ಮೊದಲ ನಾಲ್ಕು ವರುಷ ಡೇರೆಗಳಲ್ಲಿಯೇ ಕಳೆದು, ಹಳ್ಳಿ ಹಳ್ಳಿಗೆ ಹೋಗಿ ಹೊಲಗಳನ್ನು ಅಳೆಯಿಸಿ, ರೈತರ ಅಹವಾಲುಗಳನ್ನು ತಾನೇ ಕೇಳಿದನು. ತಾನು ಗೊತ್ತುಮಾಡಿದ ಕಂದಾಯವೇ ಹೆಚ್ಚಾಯಿತೆಂದು ಮನಗಂಡು, 1807ರಲ್ಲಿ ನೂರಕ್ಕೆ ಇಪ್ಪತ್ತೈದರಷ್ಟನ್ನು ಇಳಿಸಬೇಕೆಂದು ಸರಕಾರಕ್ಕೆ ಬರೆದನು. ಸರಕಾರ ಕೇಳಲಿಲ್ಲ. ಮುಂದೆ ತಾನೇ ಗವರ್ನರನಾದ ಮೇಲೆ ಅವನು ಅದನ್ನು ಜಾರಿಗೆ ತಂದನು. ಆ ಸೀಮೆಯ ಕೆಲವು ತಾಯಿತಂದೆಗಳು ಮಕ್ಕಳಿಗೆ ಮನ್ರೋಲಪ್ಪನೆಂದು ಹೆಸರಿಟ್ಟುದು ಸುಮ್ಮನೆ ಅಲ್ಲ.

ಮಂತ್ರಾಲಯದ ಐತಿಹ್ಯ ಈ ಕಾಲದ್ದು. ಮಠದ ಗ್ರಾಮವನ್ನು ಸರಕಾರವು ಹಿಂದಕ್ಕೆ ತೆಗೆದುಕೊಳ್ಳುವ ಪ್ರಶ್ನೆ ಬಂದಾಗ ವಿಚಾರಣೆಗೆಂದು ಹೋದ ಮನ್ರೋ, ಟೋಪಿಯನ್ನೂ ಪಾದರಕ್ಷೆಯನ್ನೂ ಕಳಚಿಟ್ಟು ಒಳಗೆ ಹೋದನೆಂದೂ, 1671ರಲ್ಲಿ ವೃಂದಾವನಸ್ಥರಾಗಿದ್ದ ರಾಘವೇಂದ್ರಸ್ವಾಮಿಗಳು ಅವನೊಬ್ಬನಿಗೆ ಮಾತ್ರ ಕಾಣಿಸಿಕೊಂಡು ಮಾತನಾಡಿದರೆಂದೂ, ಗ್ರಾಮವು ಮಠಕ್ಕೇ ಉಳಿಯಿತೆಂದೂ ಭಕ್ತರು ಹೇಳುತ್ತ ಬಂದಿದ್ದಾರೆ. ಐತಿಹ್ಯವನ್ನು ತಕ್ಕಡಿಯಲ್ಲಿಟ್ಟು ತೂಗುವುದು ನನ್ನ ಕೆಲಸವಲ್ಲ. ಕಿವಿ ಮಂದವಾಗಿದ್ದ ಅಧಿಕಾರಿಗೆ ಬೇರೆಯವರಿಗೆ ಕೇಳದ ದನಿಯೊಂದು ಕೇಳಿಸಿತೆಂದು ಜನ ನಂಬಿದರಲ್ಲ, ಆ ನಂಬಿಕೆಯಲ್ಲಿ ಅವನ ಬಗೆಗೆ ನಾಡು ಕೊಟ್ಟ ತೀರ್ಪು ಇದೆಯೆಂದು ಮಾತ್ರ ನನಗೆ ತೋರುತ್ತದೆ.

1807ರಲ್ಲಿ ಅವನು ರಜೆಯ ಮೇಲೆ ಸ್ವದೇಶಕ್ಕೆ ಹೊರಟನು. ಅಲ್ಲಿ ಅವನು ಕಂಡ ಗ್ಲಾಸ್ಗೋ ತಾನು ಬಿಟ್ಟುಹೋದ ಗ್ಲಾಸ್ಗೋ ಆಗಿರಲಿಲ್ಲ. ಊರಿನ ಸುತ್ತ ಹತ್ತಿಯ ಗಿರಣಿಗಳು ಎದ್ದಿದ್ದವು. ಸಮೀಪದ ಪೇಯ್ಸ್ಲಿ ಪಟ್ಟಣದಲ್ಲಿ ಕಾಶ್ಮೀರದ ಶಾಲುಗಳನ್ನು ಅನುಕರಿಸಿ ನೇಯುವ ಉದ್ಯಮ ಬೆಳೆಯುತ್ತಿತ್ತು. ನಮ್ಮ ಸೀರೆಯ ಅಂಚುಗಳಲ್ಲಿ ಎಂದಿನಿಂದಲೋ ಇರುವ ಮಾವಿನಕಾಯಿಯ ಚಿತ್ರಕ್ಕೆ ಇಂದು ಲೋಕವೆಲ್ಲ ಆ ಪಟ್ಟಣದ ಹೆಸರನ್ನೇ ಹೇಳುತ್ತದೆ. ಹೀಗಿರುವಾಗ ಕಂಪನಿಯ ಸನ್ನದನ್ನು ನವೀಕರಿಸುವ ಕಾಲ ಬಂದಿತು. ಇಂಡಿಯಾದ ವ್ಯಾಪಾರವನ್ನು ಎಲ್ಲ ಇಂಗ್ಲಿಷ್ ವರ್ತಕರಿಗೂ ತೆರೆಯಬೇಕೆಂದು ಗಿರಣಿಯ ಒಡೆಯರು ಕೂಗೆಬ್ಬಿಸಿದರು. ತೆರೆದರೆ ಅಲ್ಲಿಯ ಕೋಟ್ಯಂತರ ಜನ ನಮ್ಮ ಬಟ್ಟೆಯನ್ನು ಕೊಳ್ಳುವರೇ? ಇದನ್ನು ತಿಳಿಯಲು ಪಾರ್ಲಿಮೆಂಟು 1813ರಲ್ಲಿ ಇಂಡಿಯಾವನ್ನು ಬಲ್ಲವರನ್ನು ಕರೆಯಿಸಿ ಸಾಕ್ಷಿ ಕೇಳಿತು. ಮನ್ರೋ ಆ ಕಟ್ಟೆಯ ಮುಂದೆ ನಿಂತನು.

ಅವನ ಜೀವನದಲ್ಲಿ ಕೋಟೆಗಳನ್ನು ಹಿಡಿದ ಗಳಿಗೆಗಳಿಗಿಂತ ಈ ಗಳಿಗೆ ನನಗೆ ದೊಡ್ಡದಾಗಿ ಕಾಣುತ್ತದೆ. ಕೇಳುತ್ತಿದ್ದವರಿಗೆ ಬೇಕಾಗಿದ್ದ ಉತ್ತರ ಒಂದು. ಅವನು ಕೊಟ್ಟ ಉತ್ತರ ಬೇರೊಂದು. ಇಂಡಿಯಾದ ಜನ ವಿಲಾಯತಿಯ ಸರಕನ್ನು ಹೆಚ್ಚಾಗಿ ಕೊಳ್ಳಲಾರರು. ಅದಕ್ಕೆ ಅಲ್ಲಿಯ ಹವೆ, ಜನರ ಮಿತವಾದ ಬಾಳು, ಅಲ್ಲಿಯ ಕೈಗೆಲಸದ ಉತ್ತಮಿಕೆ ಇವು ಕಾರಣಗಳು ಎಂದನು. ಉದಾಹರಣೆಗೆ ತನ್ನ ಶಾಲನ್ನೇ ಹೆಸರಿಸಿದನು. ಇಂಡಿಯಾದ ಶಾಲೊಂದನ್ನು ಏಳು ವರುಷ ಬಳಸಿದ ಮೇಲೂ ಅದರಲ್ಲಿ ಬಹಳ ಮಾರ್ಪಾಟು ಕಾಣಲಿಲ್ಲವೆಂದೂ, ಅದರ ಅನುಕರಣವಾಗಿ ಯೂರೋಪಿನಲ್ಲಿ ನೇಯುವ ಶಾಲುಗಳನ್ನು ಉಚಿತವಾಗಿ ಕೊಟ್ಟರೂ ತಾನು ಹೊದೆಯಲಾರೆನೆಂದೂ ತಿಳಿಸಿದನು. ನಾಗರಿಕತೆಯೇ ಎರಡು ದೇಶಗಳ ನಡುವೆ ವ್ಯಾಪಾರದ ಸರಕಾಗುವುದಾದರೆ ಆಮದಿನಿಂದ ಲಾಭವಾಗುವುದು ಇಂಗ್ಲೆಂಡಿಗೇ ಎಂಬ ಅಭಿಪ್ರಾಯವನ್ನೂ ಅವನು ಅಲ್ಲಿ ಸೂಚಿಸಿದನು. ತನ್ನ ಊರಿನ ಪಕ್ಕದಲ್ಲಿಯೇ ಶಾಲಿನ ಮಗ್ಗಗಳು ಸದ್ದು ಮಾಡುತ್ತಿದ್ದಾಗ ಗ್ಲಾಸ್ಗೋವಿನ ಮಗನೊಬ್ಬನು ಹೀಗೆ ನುಡಿಯುವುದು ಸಾಧಾರಣವಾದ ಧೈರ್ಯವಲ್ಲ.

ಇನ್ನೂ ಒಂದು ಕಹಿಯಾದ ಸಂಗತಿಯನ್ನು ಅವನು ಮುಚ್ಚಿಡಲಿಲ್ಲ. ಬಾರಾಮಹಲಿನಲ್ಲಿ ಕಂಪನಿಯ ನೌಕರರು ಮುಖ್ಯ ನೇಕಾರರನ್ನು ಒಂದೆಡೆ ಕೂಡಿಸಿ, ಕಾವಲು ಹಾಕಿ, ಕಂಪನಿಗಲ್ಲದೆ ಬೇರೆ ಯಾರಿಗೂ ಬಟ್ಟೆ ಒದಗಿಸುವುದಿಲ್ಲವೆಂದು ಕರಾರು ಮಾಡಿಕೊಡುವ ತನಕ ಬಿಡುತ್ತಿರಲಿಲ್ಲವೆಂಬುದನ್ನು ಅವನು ಪಾರ್ಲಿಮೆಂಟಿನ ಮುಂದೆಯೇ ಹೇಳಿದನು. ಮುಂಗಡ ಹಣವನ್ನು ಒಮ್ಮೆ ಮುಟ್ಟಿದ ನೇಕಾರನು ಆ ಋಣದಿಂದ ಹೊರಬರುವುದು ಅಪರೂಪ. ಲಾಳಿ ಅವನದು, ಮಗ್ಗ ಅವನದು, ಹಾಸು ಹೊಕ್ಕುಗಳ ವಿದ್ಯೆ ಅವನ ಅಜ್ಜಂದಿರದು. ಬಟ್ಟೆ ಮಾತ್ರ ಅವನದಲ್ಲ.

ಆದರೆ ಸಾಕ್ಷಿಯೇ ತೀರ್ಪಲ್ಲ. ಆ ವರುಷವೇ ಇಂಡಿಯಾದೊಡನೆ ಕಂಪನಿಗಿದ್ದ ವ್ಯಾಪಾರದ ಏಕಸ್ವಾಮ್ಯ ಕೊನೆಗೊಂಡಿತು. ಇಲ್ಲಿಯ ಬಟ್ಟೆಗೆ ಇಂಗ್ಲೆಂಡಿನಲ್ಲಿ ಭಾರಿ ಸುಂಕ, ಅಲ್ಲಿಯ ಬಟ್ಟೆಗೆ ಇಲ್ಲಿ ಹಗುರವಾದ ಸುಂಕ, ಜೊತೆಗೆ ಉಗಿಯಂತ್ರದ ಅಗ್ಗದ ನೂಲು. ಇವು ಮೂರೂ ಸೇರಿ ಕೆಲವೇ ದಶಕಗಳಲ್ಲಿ ಮನ್ರೋವಿನ ಊಹೆಯನ್ನು ಸುಳ್ಳುಮಾಡಿದವು. ಬಟ್ಟೆಯ ಗುಣವನ್ನು ಅವನು ಸರಿಯಾಗಿ ತಿಳಿದಿದ್ದನು; ಅಧಿಕಾರ ಮತ್ತು ಯಂತ್ರ ಕೂಡಿದರೆ ಗುಣಕ್ಕೆ ಬೆಲೆ ಉಳಿಯದೆಂಬುದನ್ನು ತಿಳಿಯಲಿಲ್ಲ. ಅವನನ್ನು ಹೊಗಳುವವರು ಇನ್ನೂ ಒಂದನ್ನು ಮರೆಯಬಾರದು. ಮದರಾಸು ಆಧಿಪತ್ಯದಲ್ಲಿ ಮಗ್ಗಗಳ ಮೇಲೆಯೂ ತೆರಿಗೆಯಿತ್ತು. ನೇಕಾರನ ಸಂಕಟವನ್ನು ಅಷ್ಟು ನಿಚ್ಚಳವಾಗಿ ನುಡಿದವನು ಆ ತೆರಿಗೆಯನ್ನು ಎತ್ತುವ ಸರಕಾರದ ಯಂತ್ರದಲ್ಲಿಯೇ ದೊಡ್ಡ ಚಕ್ರವಾಗಿದ್ದನು. ರೈತನಿಗಾಗಿ ಅವನು ಪಟ್ಟ ಶ್ರಮದ ಕಾಲುಭಾಗವೂ ನೇಕಾರನ ಪಾಲಿಗೆ ಬರಲಿಲ್ಲವೆಂದರೆ ಅನ್ಯಾಯದ ಮಾತಾಗಲಾರದು.

1814ರಲ್ಲಿ ಜೇನ್ ಕ್ಯಾಂಪ್‌ಬೆಲ್ಲಳನ್ನು ಮದುವೆಯಾಗಿ ಅವನು ಮದರಾಸಿಗೆ ಮರಳಿದನು. 1817-18ರ ಮರಾಠಾ ಯುದ್ಧದಲ್ಲಿ, ಕೈಯಲ್ಲಿ ಅಲ್ಪ ಸೈನ್ಯವಿದ್ದರೂ ಸ್ಥಳೀಯ ಜನರನ್ನು ಕೂಡಿಸಿಕೊಂಡು ಧಾರವಾಡದ ಕಡೆಯ ಸೀಮೆಯಲ್ಲಿ ಮುನ್ನಡೆದು ಬಾದಾಮಿಯ ಕೋಟೆಯನ್ನೂ ಬೆಳಗಾವಿಯ ಕೋಟೆಯನ್ನೂ ಹಿಡಿದನು. 1820ರಲ್ಲಿ ಮದರಾಸಿನ ಗವರ್ನರನಾದನು. 1822ರಲ್ಲಿ ನಾಲ್ಕನೆಯ ಜಾರ್ಜ್ ದೊರೆ ಎಡಿನ್‌ಬರೋ ನಗರಕ್ಕೆ ಬಂದಾಗ, ಸರ್ ವಾಲ್ಟರ್ ಸ್ಕಾಟನ ಸಂಭ್ರಮದ ಏರ್ಪಾಟಿನಲ್ಲಿ ದೊರೆಯೇ ಕಿಲ್ಟು ತೊಟ್ಟನು. ಒಮ್ಮೆ ನಿಷೇಧಿಸಿದ್ದ ಬಟ್ಟೆ ಹೀಗೆ ದೇಶದ ಗೌರವದ ಉಡುಪಾಯಿತು. ಅದೇ ದಶಕದಲ್ಲಿ ನಮ್ಮ ನೇಕಾರರ ಮಗ್ಗಗಳು ಒಂದೊಂದಾಗಿ ನಿಲ್ಲತೊಡಗಿದ್ದವು. ಮದರಾಸಿನಲ್ಲಿದ್ದ ಮನ್ರೋ 1824ರ ಡಿಸೆಂಬರ್ 31ರಂದು ಬರೆದ ದೀರ್ಘವಾದ ಟಿಪ್ಪಣಿಯಲ್ಲಿ, ಈ ದೇಶದವರಿಗೆ ಅಧಿಕಾರದಲ್ಲಿ ಪಾಲು ಕೊಟ್ಟು, ಅವರು ತಮ್ಮನ್ನು ತಾವು ಆಳಿಕೊಳ್ಳಲು ಸಮರ್ಥರಾದ ದಿನ ಇಂಗ್ಲಿಷರು ಬಿಟ್ಟುಹೋಗುವುದೇ ಲೇಸೆಂಬ ಅರ್ಥದ ಮಾತುಗಳನ್ನು ಬರೆದಿಟ್ಟನು. ಸ್ವಾತಂತ್ರ್ಯಕ್ಕೆ ಇನ್ನೂ ನೂರಿಪ್ಪತ್ತಮೂರು ವರುಷಗಳಿದ್ದವು.

1827ರಲ್ಲಿ ಅಧಿಕಾರವನ್ನು ಬಿಟ್ಟು ಊರಿಗೆ ಹೊರಡುವ ಮುನ್ನ ದತ್ತಮಂಡಲಗಳ ಜನರನ್ನು ಕೊನೆಯ ಬಾರಿ ನೋಡಬೇಕೆಂದು ಮನ್ರೋ ಪ್ರವಾಸ ಕೈಕೊಂಡನು. ದಾರಿಯಲ್ಲಿ ವಾಂತಿಭೇದಿಯ ಬೇನೆ ಹಬ್ಬಿತ್ತು. ಜುಲೈ 6ರಂದು ಕರ್ನೂಲು ಸೀಮೆಯ ಪತ್ತಿಕೊಂಡದಲ್ಲಿ ಆ ಬೇನೆಯಿಂದಲೇ ಅವನು ತೀರಿಕೊಂಡನು. ಗುತ್ತಿಯಲ್ಲಿ ಹೂಳಿದ ದೇಹವನ್ನು 1831ರಲ್ಲಿ ಮದರಾಸಿನ ಕೋಟೆಯ ಇಗರ್ಜಿಗೆ ಸಾಗಿಸಿದರು. ಪತ್ತಿಕೊಂಡದಲ್ಲಿ ಅವನ ನೆನಪಿಗೆ ತೋಪನ್ನು ಬೆಳೆಸಿ ಬಾವಿಯನ್ನು ಕಟ್ಟಿಸಿದರು. ಬಿಸಿಲಿನ ನಾಡಿನಲ್ಲಿ ಸತ್ತವನಿಗೆ ನೀರು ನೆರಳುಗಳಿಗಿಂತ ಹಿರಿದಾದ ಸ್ಮಾರಕ ಯಾವುದು?

ಮರುವಾರ ಆ ವಿದ್ಯಾರ್ಥಿಯನ್ನು ಕರೆದು ನನ್ನ ತಪ್ಪನ್ನು ಒಪ್ಪಿಕೊಂಡು, ಹದಿನಾರು ಮೊಳ ಎಂದು ಉತ್ತರ ಹೇಳಿದೆ. ಅವನು ಸ್ವಲ್ಪ ಯೋಚಿಸಿ, ಹಾಗಾದರೆ ಅದು ನಮ್ಮವ್ವನ ಸೀರೆಯಷ್ಟೇ ಆಯಿತಲ್ಲ ಎಂದು ನಕ್ಕನು. ಆಮೇಲೆ ಅವನಿಗೆ ಮನ್ರೋವಿನ ಶಾಲಿನ ಕಥೆಯನ್ನು ಹೇಳಿದೆ. ರಾಯಚೂರಿನ ಹತ್ತಿಯ ಮಾರುಕಟ್ಟೆಗೆ ಸುತ್ತಣ ಎರೆನೆಲದ ಹತ್ತಿ ಗಾಡಿಗಟ್ಟಲೆ ಬಂದು ಬೀಳುತ್ತದೆ. ಅದು ನೂಲಾಗುವುದು, ಬಟ್ಟೆಯಾಗುವುದು ಬಹುಮಟ್ಟಿಗೆ ದೂರದ ಊರುಗಳಲ್ಲಿ. ಅವನು ಕೇಳಿದ ಪ್ರಶ್ನೆಗೆ ಅಳತೆಗೋಲಿನಿಂದ ಉತ್ತರ ಸಿಕ್ಕಿತು. ಒಂದು ಬಟ್ಟೆಗೆ ಎಷ್ಟು ಮೊಳ ಹಿಡಿಯುತ್ತದೆ ಎಂಬುದಕ್ಕಿಂತ ಅದು ಎಷ್ಟು ವರುಷ ಬಾಳುತ್ತದೆ, ನೇಯ್ದವನ ಮನೆಯಲ್ಲಿ ಎಷ್ಟು ದಿನ ಒಲೆ ಉರಿಯುತ್ತದೆ ಎಂಬ ಪ್ರಶ್ನೆಗಳು ದೊಡ್ಡವು. ಮೊದಲನೆಯದಕ್ಕೆ ಮನ್ರೋ ತನ್ನ ಶಾಲನ್ನು ತೋರಿಸಿ ಪ್ರಾಮಾಣಿಕವಾಗಿ ಉತ್ತರ ಕೊಟ್ಟನು. ಎರಡನೆಯದಕ್ಕೆ ಅವನ ಕಾಲವೂ ಉತ್ತರ ಕೊಡಲಿಲ್ಲ, ನಮ್ಮ ಕಾಲವೂ ಇನ್ನೂ ಪೂರ್ತಿಯಾಗಿ ಕೊಟ್ಟಿಲ್ಲ.